ಒಂದೇ ಚುಕ್ಕಿಯ ಊರು

ಬಿಳಿಗಲ್ಲುಕೊಪ್ಪದಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಒಂದೇ ಕಡೆ. ಅದು ನೀರುಗಂಟಿ ಶಿವರಾಮನ ಕೊಟ್ಟಿಗೆಯ ಹಿಂದಿರುವ ಬಂಡೆಯ ಮೇಲೆ. ಇದರಲ್ಲಿ ಶಿವರಾಮನ ತಪ್ಪಾಗಲಿ ಬಂಡೆಯ ತಪ್ಪಾಗಲಿ ಏನೂ ಇರಲಿಲ್ಲ. ಹೊಸನಗರದ ಕಡೆಯ ಯಾವುದೋ ಟವರಿನಿಂದ ಹೊರಟ ಅಲೆ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳಿ, ಹಾಲಿನ ವಾಸನೆ ಹಿಡಿದ ಬೆಕ್ಕಿನ ಹಾಗೆ ನೇರ ಅಲ್ಲಿಗೇ ಬಂದು ಕೂರುತ್ತಿತ್ತು. ಬಂಡೆಯಿಂದ ಒಂದು ಮಾರು ಆಚೆ ಹೋದರೆ ಫೋನು ಬರೀ ಟಾರ್ಚು.

ಹಾಗಾಗಿ ಊರಿನವರೆಲ್ಲ ಮಾತಾಡಲು ಶಿವರಾಮನ ಹಿತ್ತಲಿಗೇ ಬರಬೇಕು. ಬೆಳಗಾದರೆ ಗಿರಿಧರ ಹೆಗಡೆಯವರು ಸಾಗರದ ಅಡಿಕೆ ಮಂಡಿಗೆ ಫೋನ್ ಹಚ್ಚಿ, "ಇವತ್ತು ರೇಟ್ ಎಂತ ಇದ್ದು?" ಎಂದು ಕೇಳುವ ದನಿಗೇ ಆ ಮನೆಯವರು ಏಳುತ್ತಿದ್ದರು. ಆಮೇಲೆ ಕಾಲೇಜಿನ ಲಿಖಿತಾ ಕೊಡೆ ಬಿಡಿಸಿಕೊಂಡು ಕೂತು ಆನ್‌ಲೈನ್ ಪಾಠ ಕೇಳುವಳು. ಸಂಜೆಗೆ ಮದುವೆ ನಿಶ್ಚಯವಾದವರು, ಮದುವೆಯಾಗಿ ಮುನಿಸಿಕೊಂಡವರು, ಗ್ಯಾಸ್ ಬುಕ್ ಮಾಡುವವರು. ಪಕ್ಕದ ಮನೆಯ ಮಂಜುನಾಥಪ್ಪನಿಗೆ ಮಾತ್ರ ಫೋನ್ ಮಾಡುವವರು ಯಾರೂ ಇರಲಿಲ್ಲ. ಅವನು ಬೇರೆಯವರು ಮಾತಾಡುವುದನ್ನು ಕೇಳಲು ಬರುತ್ತಿದ್ದ.

ಇದರ ಮೇಲೆ ಶಿವರಾಮನ ತಾಯಿ ಗುತ್ಯಮ್ಮನ ಕಾನೂನು ಒಂದಿತ್ತು. ಅಂಗಳ ತುಳಿದವರು ಯಾರೇ ಆಗಲಿ, ಗಂಟಲು ಒದ್ದೆ ಮಾಡಿಕೊಳ್ಳದೆ ಹೋಗಬಾರದು. ಕಾನೂನು ಮಾಡಿದವರು ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದರು. ಮಜ್ಜಿಗೆ ಕಡೆದು, ಹಂಚಿ, ಲೋಟ ತೊಳೆಯುವವಳು ಸೊಸೆ ಸರೋಜ.

"ಬಂಡೆ ಮೇಲೆ ಕೂತೋರಿಗೆ ನಮ್ಮ ಬಚ್ಚಲ ಬಾಗ್ಲು ಕಾಣ್ತದೆ. ನಾನು ಸ್ನಾನಕ್ಕೆ ಹೋಗ್ಬೇಕಾದ್ರೆ ಊರಿನೋರ ಮಾತು ಮುಗೀಲಿ ಅಂತ ಕಾಯ್ಬೇಕು," ಎಂದು ಅವಳು ಗೌರಿ ಹಬ್ಬದ ಹೊತ್ತಿಗೆ ಜೋರಾಗಿ ಹೇಳಿದ್ದಳು. ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಹೇಳಿದಳು. ಶಿವರಾಮನಿಗೆ ಹೆದರಿಕೆಯಾದದ್ದು ಎರಡನೆಯದಕ್ಕೆ.

"ಊರಿಗೊಂದು ಟವರ್ ತರ್ಸಿ. ಆಗಲ್ಲ ಅಂದ್ರೆ ಹೇಳಿ, ನಾನು ಅಣ್ಣನ ಮನೇಲಿ ಇರ್ತೀನಿ. ನೀವೂ ನಿಮ್ಮ ಬಂಡೇನೂ ಚೆನ್ನಾಗಿರಿ."

ಬೆಳಗ್ಗೆ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವವನು ಟವರ್ ತರಿಸುವುದು ಹೇಗೆ? ಅದಕ್ಕೂ ಒಂದು ದಾರಿ ಇದೆಯೆಂದು ಗೊತ್ತಾದದ್ದು ಹೊಸನಗರದಲ್ಲಿ ನಡೆದ ತರಬೇತಿಯಲ್ಲಿ. ಪಂಚಾಯ್ತಿಗೊಬ್ಬರಂತೆ ಕರೆಸಿದ್ದರು. ಹೋಗಲು ಬೇರೆ ಯಾರೂ ಒಪ್ಪದ ಕಾರಣ ಬಿಳಿಗಲ್ಲುಕೊಪ್ಪದಿಂದ ಶಿವರಾಮ ಹೋಗಿದ್ದ. ನಕ್ಷೆಯ ಕೆಲಸ ನೋಡಿಕೊಳ್ಳುವ ಶ್ರೀಗೌರಿ ಮೇಡಂ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿಕೊಟ್ಟರು.

"ನಿಮ್ಮೂರಿನ ಶಾಲೆ, ಅಂಗನವಾಡಿ, ಸ್ಮಶಾನ, ಶೌಚಾಲಯ ಒಂದೊಂದಕ್ಕೂ ಫೋಟೋ ಹಾಕಿ, ಹೆಸರು ಆರಿಸಿ, ಸೇವ್ ಒತ್ತಿ. ನಕ್ಷೆಲಿ ಒಂದು ಚುಕ್ಕಿ ಬೀಳುತ್ತೆ. ಅಲ್ಲಿಂದ ಅದು ವೆಬ್ ಸರ್ವಿಸ್ ಮೂಲಕ ಎಲ್ಲಾ ಇಲಾಖೆಗೂ ತಾನೇ ಹೋಗುತ್ತೆ," ಎಂದರು. ಶಿವರಾಮನ ಮುಖ ನೋಡಿ ತಡೆದರು. "ನೀವು ನೀರು ಬಿಡೋರಲ್ವಾ? ಹಾಗೇ ಅಂದ್ಕೊಳಿ. ನಮ್ಮದು ಗುಡ್ಡದ ಮೇಲಿನ ಟ್ಯಾಂಕು. ತುಂಬ್ಸೋರು ನೀವು. ಆರೋಗ್ಯದೋರು, ಅಂಗನವಾಡಿಯೋರು, ಅರಣ್ಯದೋರು, ಪ್ರವಾಸಿಗಳ ಆ್ಯಪಿನೋರು, ಎಲ್ಲರ ಮನೇಲೂ ಒಂದೊಂದು ನಲ್ಲಿ. ತಿರುಗಿಸಿದ್ರೆ ನಮ್ಮ ಟ್ಯಾಂಕಿನ ನೀರೇ ಬರುತ್ತೆ. ಯಾರೂ ಕೊಡ ಹಿಡ್ಕೊಂಡು ನನ್ನ ಹತ್ರ ಬರಬೇಕಾಗಿಲ್ಲ."

ಇಷ್ಟು ಹೇಳಿದ ಮೇಲೆ ಶಿವರಾಮನಿಗೆ ಅರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದ.

"ಟವರ್ ಕಂಪನಿಯೋರ ಮನೇಲೂ ನಲ್ಲಿ ಇದ್ಯಾ ಮೇಡಂ?"

"ಇದೆಯಲ್ಲ. ನೆಟ್‌ವರ್ಕ್ ಇಲ್ಲದ ಜಾಗ ಅಂತ ಒಂದು ಕೆಂಪು ಚುಕ್ಕಿ ಕೊಟ್ಟಿದೀವಿ. ಎಲ್ಲಿ ಕೆಂಪು ಜಾಸ್ತಿ ಕಾಣುತ್ತೋ ಅಲ್ಲಿಗೆ ಅವರು ಮೊದಲು ಬರ್ತಾರೆ."

ಶಿವರಾಮ ಬಸ್ಸಿನಲ್ಲಿ ಊರಿಗೆ ಬರುವಾಗ ಸೀಟಿನ ಮೇಲೆ ಕೂತಿರಲಿಲ್ಲ, ಟವರಿನ ಮೇಲೆ ಕೂತಿದ್ದ.

ಮಾರನೆಯ ದಿನವೇ ಶಾಲೆಯ ಮುಂದೆ ನಿಂತು ಆ್ಯಪ್ ತೆರೆದು ಸೇವ್ ಒತ್ತಿದ. ಪರದೆಯ ಮೇಲೆ ಒಂದು ಉಂಗುರ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಬಿಸಿಲೇರಿ ಶಾಲೆಯ ನೆರಳು ಗಿಡ್ಡವಾದರೂ ಸುತ್ತುತ್ತಲೇ ಇತ್ತು. ಆಗ ಬಿಳಿಗಲ್ಲುಕೊಪ್ಪದ ಯಾರಿಗೇ ಆದರೂ ಹೊಳೆಯಬಹುದಾದದ್ದೇ ಅವನಿಗೂ ಹೊಳೆಯಿತು. ಫೋನಿನ ಕೆಲಸವೆಂದರೆ ಬಂಡೆಯ ಕೆಲಸ. ಅದನ್ನು ಶಾಲೆಯ ಮುಂದೆ ಮಾಡಲು ಬಂದದ್ದೇ ಮೂರ್ಖತನ. ಒತ್ತಿದ್ದನ್ನು ರದ್ದು ಮಾಡಿ, ಸುಮ್ಮನೆ ಊರೆಲ್ಲ ತಿರುಗಿ ಫೋಟೋ ತೆಗೆದುಕೊಂಡ. ಮನೆಗೆ ಬಂದು, ಮಜ್ಜಿಗೆ ಕುಡಿದು, ಬಂಡೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ.

ಅಲ್ಲಿ ಆ್ಯಪು ಒಳ್ಳೆಯ ಹಸುವಿನ ಹಾಗೆ ಹಾಲು ಸೊರೆಯಿತು. ಶಾಲೆಯ ಫೋಟೋ ಹಾಕಿ ಸೇವ್ ಒತ್ತಿದರೆ ಹಸಿರು ಟಿಕ್. ಅಂಗನವಾಡಿ, ಟಿಕ್. ಸ್ಮಶಾನ, ಟಿಕ್. ಬಸ್ ನಿಲ್ಲುವ ಅರಳಿಕಟ್ಟೆಯ ಪಕ್ಕದ ಶೌಚಾಲಯ, ಟಿಕ್. ನರ್ಸಮ್ಮ ಬರುವ ಆರೋಗ್ಯ ಉಪಕೇಂದ್ರ, ಟಿಕ್. ಕೊನೆಗೆ ಪೂಜೆಯ ಮಂಗಳಾರತಿಯ ಹಾಗೆ, ನೆಟ್‌ವರ್ಕ್ ಇಲ್ಲದ ಕೇರಿಗಳನ್ನು ಒಂದೊಂದಾಗಿ ಕೆಂಪು ಚುಕ್ಕಿ ಮಾಡಿ ಏರಿಸಿದ. ಕೆಳಗಿನ ಕೇರಿ, ಹೊಳೆಯಂಚು, ಮಠದ ಜಡ್ಡು, ಯಾವುದನ್ನೂ ಬಿಡಲಿಲ್ಲ.

ವಾರ ಕಳೆಯುವುದರೊಳಗೆ ಫೋನಿಗೆ ಸಂದೇಶ ಬಂತು. ಗುರುವಾರ ಮಧ್ಯಾಹ್ನದ ಮೇಲೆ ಟವರ್ ಕಂಪನಿಯ ತಂಡ ಪರಿಶೀಲನೆಗೆ ಬರುತ್ತದೆ. ಸರೋಜ ಅದನ್ನು ತಾನೇ ಓದಿ ನೋಡಿದಳು.

"ಗುರುವಾರದವರೆಗೆ ಕಾಯ್ತೀನಿ," ಎಂದಳು. ಆದರೆ ಬಟ್ಟೆ ತುಂಬಿದ ಚೀಲ ಮಾತ್ರ ಬಾಗಿಲ ಹಿಂದಿನ ಗೂಟದಿಂದ ಕೆಳಗಿಳಿಯಲಿಲ್ಲ.

ಗುರುವಾರ ಬೆಳಗ್ಗೆ ಶಿವರಾಮ ನೀರು ಬಿಟ್ಟು ಬಂದು, ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದ. ಅಂಗಳದಲ್ಲಿ ಗಾಡಿಯ ಸದ್ದಾಯಿತು. ಟವರಿನವರು ಇಷ್ಟು ಬೇಗ ಬಂದರೇ ಎಂದು ಓಡಿದರೆ, ಮೊಟ್ಟೆ ತುಂಬಿದ ವ್ಯಾನು. ಡ್ರೈವರು ಹೊಸಬ.

"ಅಂಗನವಾಡಿ ಇದೇ ಅಲ್ವಾ?"

"ಅಲ್ಲ ಮಾರಾಯ. ಅದು ಕೆಳಗಿನ ಕೇರೀಲಿ, ಶಾಲೆ ಪಕ್ಕ."

ಡ್ರೈವರು ಫೋನ್ ನೋಡಿದ. "ಶಾಲೇನೂ ಇಲ್ಲೇ ತೋರಿಸ್ತಿದೆಯಲ್ಲ ಅಣ್ಣಾ."

"ನಿಮ್ಮ ಫೋನಿಗೆ ಎಂತ ಆಗಿದೆ?"

"ಫೋನಿಗೇನೂ ಆಗಿಲ್ಲ. ಚುಕ್ಕಿ ಇಲ್ಲಿದೆ. ಚುಕ್ಕಿ ಇರೋ ಜಾಗದಲ್ಲಿ ಇಳಿಸಿದ್ರೇನೇ ನಮ್ಮ ಆ್ಯಪು ಒಪ್ಪೋದು. ಬೇರೆ ಕಡೆ ಇಳಿಸಿದ್ರೆ ಮೊಟ್ಟೆ ಕದ್ದೆ ಅಂತ ತೋರಿಸುತ್ತೆ." ಹೀಗೆಂದು ಅವನು ಮೊಟ್ಟೆಯ ಟ್ರೇಗಳನ್ನು ಜಗಲಿಯ ತುಂಬ ಪೇರಿಸಿ, ಗುತ್ಯಮ್ಮನ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿದು, ವ್ಯಾನು ತಿರುಗಿಸಿದ.

ಮಂಜುನಾಥಪ್ಪ ಅಷ್ಟರಲ್ಲಿ ಬೇಲಿ ದಾಟಿ ಬಂದಾಗಿತ್ತು. ಬೇರೆಯವರ ಮನೆಯ ಸುದ್ದಿಗೆ ಅವನು ಬೆಲ್ಲಕ್ಕೆ ಬರುವ ಇರುವೆಗಿಂತ ಮೊದಲು ಬರುತ್ತಿದ್ದ.

"ಏನೋ ಶಿವರಾಮ, ಕೋಳಿ ಸಾಕಾಣಿಕೆ ಶುರು ಮಾಡಿದ್ಯಾ?"

"ಇಲ್ಲ ಮಂಜಣ್ಣ, ಅಂಗನವಾಡಿದು ತಪ್ಪಿ ಬಂದಿದೆ."

"ಹಂಗಾ," ಎಂದ ಮಂಜುನಾಥಪ್ಪ. ನಂಬಲಿಲ್ಲ ಎಂಬುದನ್ನು ಅಷ್ಟು ಸಣ್ಣ ಶಬ್ದದಲ್ಲಿ ಹೇಳುವುದು ಅವನಿಗೆ ಮಾತ್ರ ಸಾಧ್ಯ.

ಟ್ರೇಗಳನ್ನು ಒಳಗಿಡುವಷ್ಟರಲ್ಲಿ ಸೌದೆ ತುಂಬಿದ ಲಾರಿ ಬಂತು. ಇಬ್ಬರು ಇಳಿದು, ಏನೂ ಕೇಳದೆ, ಜಗಲಿಯ ಎದುರಿಗೇ ದಪ್ಪ ದಪ್ಪ ಮರದ ಕುಂಟೆಗಳನ್ನು ಧಡಾರನೆ ಉರುಳಿಸತೊಡಗಿದರು.

"ಇದೆಲ್ಲ ಎಂತಕ್ಕೆ ತಮ್ಮಾ?" ಎಂದು ಗುತ್ಯಮ್ಮ ಕೇಳಿದಳು.

"ಸ್ಮಶಾನಕ್ಕೆ ಅಜ್ಜಿ. ಅರಣ್ಯದೋರ ಡಿಪೋದಿಂದ. ಮಳೆಗಾಲದಲ್ಲಿ ಸೌದೆ ಸಿಗಲಿಲ್ಲ ಅಂತ ನಿಮ್ಮೂರಿನೋರೇ ಅರ್ಜಿ ಕೊಟ್ಟಿದ್ರಲ್ಲ."

ಗುತ್ಯಮ್ಮ ಸೌದೆಯ ರಾಶಿ ನೋಡಿದಳು. ಮಗನ ಇಸ್ತ್ರಿ ಅಂಗಿ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, ಬೇಜಾರೇನೂ ಇಲ್ಲದೆ ಹೇಳಿದಳು.

"ನನಗೆ ಜ್ವರ ಬಂದಿದ್ದು ಹೋದ ತಿಂಗ್ಳು ಕಣೋ ಮಗಾ. ಈಗ ಆರಾಮಿದೀನಿ. ಸೊಲ್ಪ ತಡೀಬೌದಿತ್ತು."

"ಅವ್ವಾ, ಅದು ನಿನಗಲ್ಲ."

"ಮತ್ತ್ಯಾರಿಗೆ? ಈ ಮನೇಲಿ ನನಗಿಂತ ಹಿರೇರು ಹಸು ಒಂದೇ."

ಲಾರಿಯವರು ಅಜ್ಜಿಯ ಮಾತಿಗೆ ನಗುತ್ತ ಮಜ್ಜಿಗೆ ಕುಡಿದು ಹೋದರು. ಮಂಜುನಾಥಪ್ಪ ನಗಲಿಲ್ಲ. ಶಿವರಾಮ ಸ್ಮಶಾನವನ್ನೂ ಮನೆಗೆ ತಂದುಕೊಂಡಿದ್ದಾನೆ ಎಂಬ ಸುದ್ದಿಯನ್ನು ಕೆಳಗಿನ ಕೇರಿಗೆ ತಲುಪಿಸಬೇಕಿತ್ತು. ಫೋನಿಲ್ಲದ ಊರಿನಲ್ಲಿ ಸುದ್ದಿ ನಡೆದೇ ಹೋಗಬೇಕು. ಆದರೆ ಮಂಜುನಾಥಪ್ಪ ನಡೆದರೆ ಅದು ಓಡಿದಷ್ಟೇ.

ಅವನು ಆ ಕಡೆ ಹೋದದ್ದೂ, ಈ ಕಡೆ ಮಿನಿ ಬಸ್ಸೊಂದು ದಾರಿಯ ಕೊಂಬೆಗಳನ್ನು ಸವರಿಕೊಂಡು ಬಂದು ನಿಂತದ್ದೂ ಒಟ್ಟಿಗೇ. ವರದಹಳ್ಳಿ ಮುಗಿಸಿ, ಸಂಜೆಯೊಳಗೆ ಆಗುಂಬೆ ಸೇರಬೇಕೆಂದು ಹೊರಟ ಯಾತ್ರಿಕರು. ಬಾಗಿಲು ತೆರೆದ ಕೂಡಲೇ ಅವರು ಇಳಿದ ಅವಸರ ನೋಡಿ ಶಿವರಾಮನಿಗೆ ಕೇಳುವುದು ಏನೂ ಉಳಿಯಲಿಲ್ಲ. ಎಲ್ಲರೂ ಫೋನಿನ ಬಾಣದ ಗುರುತು ಹಿಡಿದು ಕೊಟ್ಟಿಗೆ ಸುತ್ತಿ, ಬಚ್ಚಲ ಪಕ್ಕದ ಶೌಚಾಲಯದ ಮುಂದೆ ಸಾಲು ನಿಂತರು. ಬಚ್ಚಲೊಳಗೆ ಸರೋಜ ಸ್ನಾನಕ್ಕೆಂದು ಬಿಸಿನೀರು ತೋಡಿಕೊಂಡಿದ್ದಳು. ಆವತ್ತು ಲಿಖಿತಾಳ ಪಾಠಕ್ಕೆ ರಜೆ, ಹೆಗಡೆಯವರೂ ಯಾಕೋ ಇನ್ನೂ ಬಂದಿಲ್ಲ, ಬಂಡೆ ಖಾಲಿ ಇದೆ ಎಂದು ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಹೋಗಿದ್ದಳು.

ಅವಳು ಹೊರಗೆ ಬಂದಾಗ ಸಾಲಿನ ಮುಂದಿದ್ದ ದಪ್ಪ ಹೆಂಗಸು ಪ್ರೀತಿಯಿಂದ ಕೈ ಹಿಡಿದುಕೊಂಡರು. "ಎಷ್ಟು ಚೊಕ್ಕ ಇಟ್ಕೊಂಡಿದೀಯಮ್ಮ. ಸರ್ಕಾರದ ಶೌಚಾಲಯ ಹೀಗಿರೋದು ನಾನು ಎಲ್ಲೂ ನೋಡಿಲ್ಲ. ನಿನಗೆ ಸಂಬಳ ಸರಿಯಾಗಿ ಕೊಡ್ತಾರಾ?"

ಸರೋಜ ಗಂಡನ ಕಡೆ ನೋಡಿದಳು. ಶಿವರಾಮ ಬಂಡೆಯ ಕಡೆ ಓಡಿದ.

ಬಂಡೆಯ ಮೇಲೆ ಈಗ ಗಿರಿಧರ ಹೆಗಡೆಯವರಿದ್ದರು. ಮಂಡಿಯ ಮಾತು ಮುಗಿದು, ತಂಗಿಯ ಮನೆಗೆ ಹಚ್ಚಿದ್ದರು. "ಇಲ್ಲೆ ಮಾರಾಯ್ತಿ, ಎಂಗೊಕ್ಕೆ ಬಪ್ಪಲೆ ಆಗ್ತಿಲ್ಲೆ," ಎಂದು ಬರಲಾಗದ್ದಕ್ಕೆ ನೆಪ ಹೇಳುತ್ತ ರಾಗ ಎಳೆಯುತ್ತಿದ್ದರು. ಅವರ ಹಿಂದೆ ಯಾತ್ರಿಕರಲ್ಲಿ ನಾಲ್ಕಾರು ಜನ. ಬೆಳಗ್ಗಿನಿಂದ ಸಿಗದ ನೆಟ್‌ವರ್ಕ್ ಸಿಕ್ಕಿದ ಖುಷಿಯಲ್ಲಿ ಮನೆಗೆ ಫೋಟೋ ಕಳಿಸುತ್ತಿದ್ದರು.

"ಹೆಗಡೇರೆ, ಒಂಚೂರು ಅರ್ಜೆಂಟಿತ್ತು."

ಹೆಗಡೆಯವರು ಫೋನಿಗೆ ಕೈ ಅಡ್ಡ ಹಿಡಿದರು. "ನಿಮ್ಮನೇಲೇ ಬಂಡೆ ಇಟ್ಕಂಡು ಎಂತ ಅರ್ಜೆಂಟು ಶಿವರಾಮ? ನೀವು ಯಾವಾಗ ಬೇಕಾದ್ರೂ ಮಾತಾಡ್ಲಕ್ಕು. ನಮಗೆ ಗುಡ್ಡ ಇಳಿದು ಬರಬೇಕು."

ಅಂತೂ ಶಿವರಾಮನ ಸರದಿ ಬಂತು. ಶ್ರೀಗೌರಿ ಮೇಡಂ ಅತ್ತ ಕಂಪ್ಯೂಟರ್ ತೆರೆದು ನೋಡಿದರು.

"ಶಿವರಾಮ್, ನಿಮ್ಮೂರಿಂದ ಒಂದೇ ಚುಕ್ಕಿ ಬಂದಿದೆ, ಬಾಕಿ ಕೆಲಸ ಮಾಡೇ ಇಲ್ಲ ಅಂದ್ಕೊಂಡಿದ್ದೆ. ಈಗ ದೊಡ್ಡದು ಮಾಡಿ ನೋಡಿದ್ರೆ ಎಲ್ಲಾ ಒಂದರ ಮೇಲೊಂದು ಕೂತಿವೆ. ನೀವು ಸೇವ್ ಎಲ್ಲಿ ಒತ್ತಿದ್ರಿ?"

"ಬಂಡೆ ಮೇಲೆ."

"ಎಲ್ಲಾನೂ?"

"ಬೇರೆ ಕಡೆ ನೆಟ್‌ವರ್ಕ್ ಎಲ್ಲಿದೆ ಮೇಡಂ?"

"ಅಯ್ಯೋ, ಅದಕ್ಕೆ ನೆಟ್‌ವರ್ಕ್ ಬೇಡ. ಜಾಗ ಯಾವುದು ಅಂತ ಫೋನು ಆಕಾಶ ನೋಡ್ಕೊಂಡೇ ತಿಳ್ಕೊಳುತ್ತೆ. ನೀವು ಶಾಲೆ ಮುಂದೆ ನಿಂತು ಸೇವ್ ಒತ್ತಿ ಜೇಬಿಗೆ ಹಾಕ್ಕೊಂಡಿದ್ರೆ ಸಾಕಿತ್ತು. ನೆಟ್‌ವರ್ಕ್ ಸಿಕ್ಕಾಗ ತಾನೇ ಹೋಗ್ತಿತ್ತು. ನೀವೆಲ್ಲಿ ಕೂತು ಸೇವ್ ಒತ್ತುತ್ತೀರೋ ಶಾಲೆ ಅಲ್ಲಿಗೇ ಬರುತ್ತೆ."

"ಇದನ್ನ ಮೊದ್ಲೇ ಹೇಳಬಾರ್ದಿತ್ತಾ ಮೇಡಂ?"

"ವಾಟ್ಸಪ್ಪಲ್ಲಿ ವಿಡಿಯೋ ಕಳಿಸಿದ್ನಲ್ಲ."

ಶಿವರಾಮ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಕಿವಿಗಿಟ್ಟ. "ಅದನ್ನ ನಾನು ನೋಡಕ್ಕೆ ಶಾಲೆ ಹತ್ರ ತೆಗೆದಿದ್ದೆ. ಆವತ್ತಿಂದ ಸುತ್ತುತ್ತಾ ಇದೆ."

ಮೇಡಂ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಆಯ್ತು, ಎಲ್ಲಾ ಅಳಿಸಿಬಿಡ್ಲಾ?"

"ಅಳಿಸಿ ಮೇಡಂ. ಅಯ್ಯೋ ನಿಲ್ಲಿ, ಆ ಕೆಂಪು ಚುಕ್ಕಿ ಮಾತ್ರ ಅಳಿಸ್ಬೇಡಿ. ಟವರಿನೋರು ಈಗ ದಾರೀಲಿದ್ದಾರೆ. ಅದನ್ನ ಅಳಿಸಿದ್ರೆ ನನ್ನ ಸಂಸಾರ ಅಳಿಸಿದ ಹಾಗೆ."

"ಆಯ್ತು, ಅವು ಇರ್ಲಿ. ಬೇರೇದೆಲ್ಲ ತೆಗೀತೀನಿ. ಆದ್ರೆ ಕೂಡ್ಲೆ ನಿಲ್ಲಲ್ಲ ನೋಡಿ. ವಾಲ್ವ್ ಮುಚ್ಚಿದ್ರೂ ಪೈಪಲ್ಲಿದ್ದ ನೀರು ಸೊಲ್ಪ ಹೊತ್ತು ಬರುತ್ತಲ್ಲ? ಹಾಗೆ."

ನೀರುಗಂಟಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಜನ್ಮದಲ್ಲಿ ಪೈಪಿನೊಳಗಿನ ನೀರಿಗೆ ಅಷ್ಟು ಹೆದರಿದ್ದು ಮಾತ್ರ ಅದೇ ಮೊದಲು.

ಪೈಪಿನಲ್ಲಿ ತುಂಬ ನೀರಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಲಸಿಕೆಯ ಡಬ್ಬ ಹಿಡಿದು ಜೀಪಿನಲ್ಲಿ ಹೊಸ ನರ್ಸಮ್ಮ ಬಂದಳು. ಉಪಕೇಂದ್ರ ಇದೇ ಎಂದುಕೊಂಡು ಜಗಲಿಯ ಕಂಬಕ್ಕೆ ತಕ್ಕಡಿ ಕಟ್ಟಿದಳು. ಕೆಳಗಿನ ಕೇರಿಯ ಉಪಕೇಂದ್ರದ ಮುಂದೆ ಕೂಸು ಎತ್ತಿಕೊಂಡು ಕಾಯುತ್ತಿದ್ದ ತಾಯಂದಿರಿಗೆ, ಎಲ್ಲಾ ಶಿವರಾಮನ ಮನೆಯಲ್ಲೇ ಇದೆ ಎಂದು ಮಂಜುನಾಥಪ್ಪ ದಾರಿ ತೋರಿಸಿದ. ಅವರ ಹಿಂದೆಯೇ ಅಂಗನವಾಡಿಯ ಪುಷ್ಪಮ್ಮ ಟೀಚರು ಮೊಟ್ಟೆ ಹುಡುಕಿಕೊಂಡು, ಮಕ್ಕಳನ್ನೆಲ್ಲ ಸಾಲು ಹಿಡಿಸಿಕೊಂಡು ಗುಡ್ಡ ಹತ್ತಿ ಬಂದರು.

"ಇಷ್ಟು ದೂರ ಬಂದು ವಾಪಸ್ ಹೊತ್ಕಂಡು ಹೋಗದು ಎಂತಕ್ಕೆ, ಇಲ್ಲೇ ಬೇಯಿಸಿ ತಿನ್ನಿಸ್ಬಿಡ್ತೀನಿ. ಸರೋಜಕ್ಕ, ದೊಡ್ಡ ಪಾತ್ರೆ ಇದ್ಯಾ?" ಎಂದರು ಪುಷ್ಪಮ್ಮ. ಸೌದೆಗಂತೂ ಬರ ಇರಲಿಲ್ಲ.

ಹೀಗೆ ಅಂಗಳದ ಒಂದು ಮೂಲೆಯಲ್ಲಿ ಸ್ಮಶಾನದ ಸೌದೆಯ ಮೇಲೆ ಅಂಗನವಾಡಿಯ ಮೊಟ್ಟೆ ಬೇಯುತ್ತಿತ್ತು. ಜಗಲಿಯ ಮೇಲೆ ಸೂಜಿ ಚುಚ್ಚಿಸಿಕೊಂಡ ಕೂಸುಗಳು ಅಳುತ್ತಿದ್ದವು. ಅದಕ್ಕೆ ಹೆದರಿದ ಹಸು ಕೊಟ್ಟಿಗೆಯಲ್ಲಿ ಅರಚುತ್ತಿತ್ತು. ಗುತ್ಯಮ್ಮ ಮಾತ್ರ ಎಲ್ಲ ಕೂಸುಗಳ ತೂಕವನ್ನೂ ಕೇಳಿ ತಿಳಿದುಕೊಳ್ಳುತ್ತ, ತನ್ನ ಮದುವೆ ಕಳೆದ ಮೇಲೆ ಈ ಮನೆ ಇಷ್ಟು ಕಳೆಕಟ್ಟಿದ್ದು ಇದೇ ಎಂದು ಹೇಳಿಕೊಂಡು ಕೂತಿದ್ದಳು.

ಊರಿನ ಗಂಡಸರು ಸೌದೆ ರಾಶಿಯ ಸುತ್ತ ನಿಂತಿದ್ದರು. ಅವರ ಮುಂದೆ ಮಂಜುನಾಥಪ್ಪ.

"ಶಿವರಾಮ, ನಿನ್ನ ಕಂಡ್ರೆ ನಮಗೆ ಪ್ರೀತಿ ಇದೆ," ಎಂದು ಶುರು ಮಾಡಿದ. ಹಾಗೆ ಶುರುವಾದ ಮಾತು ಚೆನ್ನಾಗಿ ಮುಗಿದದ್ದನ್ನು ಶಿವರಾಮ ಕಂಡಿರಲಿಲ್ಲ. "ನೀನೇ ನಕ್ಷೆ ಮಾಡಿದ್ದು. ಮಾಡು. ಆದ್ರೆ ಅಂಗನವಾಡಿ ನಿನ್ನ ಮನೇಲಿ, ಆಸ್ಪತ್ರೆ ನಿನ್ನ ಮನೇಲಿ, ಕಕ್ಕಸೂ ನಿನ್ನ ಮನೇಲಿ. ಊರಿಗೆ ಬಂದಿದ್ದೆಲ್ಲ ನಿನ್ನ ಅಂಗಳಕ್ಕೆ ಎಳ್ಕಂಡ್ರೆ ನಾವು ಎಲ್ಲಿಗೆ ಹೋಗಾದು? ಸತ್ತ ಮೇಲೂ ನಿನ್ನ ಮನೇಗೇ ಬರಬೇಕಾ?"

"ಮಂಜಣ್ಣ, ತಪ್ಪಾಗಿದೆ. ಅದನ್ನೆಲ್ಲ ಅಳಿಸ್ತಾ ಇದ್ದಾರೆ. ನಾನು ಮಾಡಿದ್ದೆಲ್ಲ ಟವರಿಗೋಸ್ಕರ. ಟವರ್ ಬಂದ್ರೆ ನಿಮ್ಮ ಕೇರೀಲೇ ಕೂತು ಮಾತಾಡ್ಬೌದು. ಈಗ ಬರ್ತಾರೆ ನೋಡಿ."

ಟವರ್ ಎಂಬ ಮಾತಿಗೆ ಗಂಡಸರು ಸ್ವಲ್ಪ ಸಡಿಲವಾದರು. ಅಡುಗೆಮನೆಯ ಕಿಟಕಿಯಲ್ಲಿ ಸರೋಜಳ ಮುಖವೂ ಕಾಣಿಸಿತು. ಅದೇ ಹೊತ್ತಿಗೆ ಬಿಳಿ ಜೀಪೊಂದು ಅಂಗಳಕ್ಕೆ ಬಂತು. ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡ ಎಳೆಯ ಇಂಜಿನಿಯರ್ ಇಳಿದ. ಹೆಸರು ದೀಪಕ್. ಶಿವರಾಮ ಇಸ್ತ್ರಿ ಹೋದ ಅಂಗಿಯನ್ನು ಎಳೆದು ಸರಿ ಮಾಡಿಕೊಂಡು ಎದುರುಗೊಂಡ.

"ಶಿವರಾಮ ಅಂದ್ರೆ ನೀವೇನಾ? ನಿಮ್ಮನ್ನ ನೋಡ್ಬೇಕು ಅಂತಲೇ ಬಂದೆ," ಎಂದ ದೀಪಕ್, ಎಲ್ಲರಿಗೂ ಕೇಳುವ ಹಾಗೆ. "ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಲ್ಲಿ ಇಷ್ಟು ಕೆಂಪು ಚುಕ್ಕಿ ಒಂದೇ ಕಡೆ ಬಿದ್ದಿರೋ ಜಾಗ ಇನ್ನೊಂದಿಲ್ಲ. ಇದಕ್ಕಿಂತ ಕೆಟ್ಟ ನೆಟ್‌ವರ್ಕ್ ಎಲ್ಲೂ ಇರೋಕೆ ಸಾಧ್ಯ ಇಲ್ಲ ಅಂತ ನಮ್ಮ ಸಾಹೇಬ್ರೇ ನನ್ನನ್ನ ಓಡಿಸಿದ್ರು. ಎಲ್ಲಿ, ಸರಿಯಾದ ಜಾಗ ತೋರಿಸಿ."

ಅವನೇ ಫೋನಿನ ಬಾಣ ನೋಡುತ್ತ ಮುಂದೆ ನಡೆದ. ಊರು ಅವನ ಹಿಂದೆ ನಡೆಯಿತು. ಬಾಣ ಕೊಟ್ಟಿಗೆ ಸುತ್ತಿತು, ಹಿತ್ತಲಿಗೆ ಬಂತು. ದೀಪಕ್ ಬಂಡೆಯ ಮೇಲೆ ಹತ್ತಿ ನಿಂತ.

"ಇದೇ," ಎಂದ.

ಶಾಲೆ, ಸ್ಮಶಾನ ಎಲ್ಲ ಬಂಡೆಗೆ ಬಂದು ಬಿದ್ದಿದ್ದರೆ ಕೆಂಪು ಚುಕ್ಕಿಗಳು ಮಾತ್ರ ಕೆಳಗಿನ ಕೇರಿಗೆ ಹೋಗಿರುತ್ತವೆಯೇ ಎಂಬುದು ಶಿವರಾಮನಿಗೆ ಆಗ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ದೀಪಕನ ಕೈಯಲ್ಲಿದ್ದ ಫೋನು ರಿಂಗಾಯಿತು. ವಿಡಿಯೋ ಕಾಲ್. ಶಿವಮೊಗ್ಗದ ಸಾಹೇಬರ ದುಂಡು ಮುಖ ಪರದೆಯ ತುಂಬ ಬಂತು. ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಕು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

"ದೀಪಕ್, ಹೇಗಿದೆ ಅಲ್ಲಿ? ನೆಟ್‌ವರ್ಕ್ ಇಲ್ವೇ ಇಲ್ವಾ?"

"ನೀವೇ ಹೇಳಿ ಸರ್," ಎಂದ ದೀಪಕ್.

ಸಾಹೇಬರು ಸ್ವಲ್ಪ ಯೋಚಿಸಿದರು. "ನಿನ್ನ ಹಿಂದೆ ಹಸು ಮೆಲುಕು ಹಾಕ್ತಿರೋದು ಕಾಣ್ತಿದೆಯಲ್ಲಯ್ಯ."

ಬಂಡೆಯ ಸುತ್ತ ನಿಂತವರು ಶಿವರಾಮನ ಕಡೆ ತಿರುಗಿದರು. ಬೆಂದ ಮೊಟ್ಟೆ ತಿನ್ನುತ್ತಿದ್ದ ಮಕ್ಕಳು ಮಾತ್ರ ಸಾಹೇಬರಿಗೆ ಕೈ ಬೀಸಿದವು. ಸಾಹೇಬರೂ ಬೀಸಿದರು.

"ಸರ್, ಸರ್, ಇದೊಂದು ಕಡೆ ಮಾತ್ರ ಇರೋದು," ಎಂದು ಶಿವರಾಮ ಕೈ ಮುಗಿದ. "ಕೆಳಗಿನ ಕೇರಿಗೆ ಬನ್ನಿ, ಹೊಳೆಯಂಚಿಗೆ ಬನ್ನಿ. ಅಲ್ಲಿ ಹೆಣ ಬಿದ್ರೂ ಫೋನ್ ಮಾಡಕ್ಕಾಗಲ್ಲ."

"ಇರ್ಬೌದು ಅಣ್ಣಾ. ಆದ್ರೆ ಅಲ್ಲಿ ಚುಕ್ಕಿ ಇಲ್ಲವಲ್ಲ. ಚುಕ್ಕಿ ಇರೋ ಕಡೆ ಮಾತ್ರ ನಾನು ಅಳೆಯೋದು. ಅಷ್ಟೂ ದೂರು ಈ ಬಂಡೆದು. ಬಂಡೆ ಮೇಲೆ ಫುಲ್ ಇದೆ." ದೀಪಕ್ ಪರದೆಯನ್ನು ಒಂದೊಂದೇ ಸಲ ಒತ್ತುತ್ತ ದೂರುಗಳನ್ನು ಮುಚ್ಚಿದ. ಪ್ರತಿಯೊಂದಕ್ಕೂ ಹಸಿರು ಟಿಕ್ ಬಿತ್ತು. ಆ ಟಿಕ್ಕಿನ ಗುರುತು ಶಿವರಾಮನಿಗೆ ಚೆನ್ನಾಗಿತ್ತು.

"ಮತ್ತೆ ಯಾವಾಗ ಬರ್ತೀರಿ ಸರ್?"

"ಹೊಸ ಚುಕ್ಕಿ ಹಾಕಿ. ಸಾಲಲ್ಲಿ ಬೇರೆ ಊರು ಎಷ್ಟೋ ಇವೆ. ನೋಡೋಣ."

ಊರಿನವರು ಒಬ್ಬೊಬ್ಬರಾಗಿ ಕರಗಿದರು. ಬಯ್ಯುವಷ್ಟು ಸಿಟ್ಟು ಯಾರಿಗೂ ಬರಲಿಲ್ಲ. ಶಿವರಾಮನ ಮುಖ ಹಾಗಿತ್ತು. ಮಂಜುನಾಥಪ್ಪ ಕೂಡ ಭುಜ ತಟ್ಟಿ, "ಹೋಗ್ಲಿ ಬಿಡು. ಬಂಡೆ ಎಲ್ಲೂ ಓಡಿಹೋಗಲ್ಲ," ಎಂದ. ಸಮಾಧಾನಕ್ಕೇ ಹೇಳಿದ್ದು. ಶಿವರಾಮನಿಗೆ ಇದ್ದ ಕಷ್ಟವೂ ಅದೇ.

ದೀಪಕ್ ಒಳ್ಳೆಯ ಹುಡುಗ. ಗುತ್ಯಮ್ಮನ ಕಾನೂನಿನ ಪ್ರಕಾರ ಜಗಲಿಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದ. ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ. ಇನ್ನೊಂದು ಲೋಟ ಕೇಳಿ ಕುಡಿದ. ಬರಿಗೈಯಲ್ಲಿ ಹೋಗುತ್ತಿದ್ದೇನಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಜೀಪು ಹತ್ತುವ ಮುಂಚೆ ಇನ್ನೊಮ್ಮೆ ಬಂಡೆ ಹತ್ತಿ, ಫೋನು ತೆಗೆದು ಏನೋ ಬರೆದು ಒತ್ತಿ ಬಂದ.

"ಅಣ್ಣಾ, ಟವರ್ ಕೊಡೋಕೆ ನನ್ನ ಕೈಲಾಗಲಿಲ್ಲ. ನನ್ನ ಕೈಲಾಗಿದ್ದು ಒಂದು ಮಾಡಿದೀನಿ. ನಿಮ್ಮ ಹೆಸರು ಉಳಿಯುತ್ತೆ," ಎಂದು ನಕ್ಕು ಹೊರಟುಹೋದ.

ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಮೊಟ್ಟೆಯ ಸಿಪ್ಪೆ, ಜಗಲಿಯಲ್ಲಿ ಹತ್ತಿಯ ತುಣುಕು, ತೊಳೆಯದ ಲೋಟದ ಗೋಪುರ. ಸರೋಜ ಸೀರೆ ಬದಲಿಸಿಕೊಂಡು, ಗೂಟದ ಚೀಲ ಕೆಳಗಿಳಿಸಿ ಹೊರಗೆ ಬಂದಳು.

"ಕೊನೆ ಬಸ್ ಇನ್ನೂ ಇದೆ," ಎಂದಳು.

ಶಿವರಾಮ ಏನಾದರೂ ಹೇಳಬೇಕಿತ್ತು. ಹೇಳಲು ಬೆಳಗ್ಗಿನಿಂದ ಪುರುಸೊತ್ತಾಗದ ಮಾತುಗಳು ಎಷ್ಟೋ ಇದ್ದವು. ಅದರಲ್ಲಿ ಯಾವುದನ್ನು ಮೊದಲು ಹೇಳುವುದೆಂದು ನೋಡುತ್ತಿರುವಾಗಲೇ ದಾರಿಯಲ್ಲಿ ಆಟೋ ಹಾರ್ನು ಕೇಳಿಸಿತು. ಆಟೋ ಅಂಗಳಕ್ಕೇ ಬಂತು. ಇಳಿದವನು ಹೊಳೆಯಾಚೆಯ ಚೌಡಪ್ಪ, ಸರೋಜಳ ಅಣ್ಣ. ಹಿಂದೆ ಅವನ ಮಗಳು ಶಿಲ್ಪಶ್ರೀ, ಒಂದು ಲ್ಯಾಪ್‌ಟಾಪ್, ಒಂದು ಚಾಪೆ, ಒಂದು ಅಕ್ಕಿಯ ಚೀಲ.

"ಅಣ್ಣಾ, ನಾನೇ ನಿಮ್ಮನೆಗೆ ಹೊರಟಿದ್ದೆ," ಎಂದಳು ಸರೋಜ.

"ನೀನೆಲ್ಲಿಗೆ ಹೋಗ್ತೀಯೆ, ನಾವೇ ಬಂದ್ವಲ್ಲ," ಎಂದ ಚೌಡಪ್ಪ. "ಭಾವಾ, ನೀವು ಒಂದು ಮಾತು ಹೇಳ್ಬಾರ್ದಾ? ಈ ಹುಡುಗಿಗೆ ನಾಳೆಯಿಂದ ಆನ್‌ಲೈನ್ ಟ್ರೈನಿಂಗು. ನಮ್ಮನೇಲಿ ನೆಟ್‌ವರ್ಕ್ ಅನ್ನೋದು ದೇವ್ರಿದ್ದ ಹಾಗೆ, ಇದೆ ಅಂತಾರೆ, ಕಂಡೋರಿಲ್ಲ. ಹೊಸನಗರದಲ್ಲಿ ರೂಮು ಹುಡುಕ್ತಾ ಇದ್ವಿ. ಇವಳು ಮೊಬೈಲಲ್ಲಿ ನೋಡಿದ್ಲು."

"ಇಲ್ನೋಡಿ ಮಾವ," ಎಂದು ಶಿಲ್ಪಶ್ರೀ ಫೋನು ಮುಂದೆ ಹಿಡಿದಳು. "ಈ ಸುತ್ತಮುತ್ತ ಕಂಪನಿಯೋರೇ ಬಂದು ಪರೀಕ್ಷೆ ಮಾಡಿ ಒಪ್ಪಿದ ಜಾಗ ಇದೊಂದೇ. ಎಲ್ಲಾ ಆ್ಯಪಲ್ಲೂ ಬಂದಿದೆ."

ನಕ್ಷೆಯ ಮೇಲೆ, ಬಿಳಿಗಲ್ಲುಕೊಪ್ಪದ ಜಾಗದಲ್ಲಿ, ಹೊಸ ಹಸಿರು ಚುಕ್ಕಿಯೊಂದು ಮಿನುಗುತ್ತಿತ್ತು. ಆ ಊರಿನಿಂದ ನಕ್ಷೆಗೆ ಹೋದ ಚುಕ್ಕಿಗಳಲ್ಲಿ ಸರಿಯಾದ ಜಾಗದಲ್ಲಿ ಕೂತದ್ದು ಅದೊಂದೇ. ಪಕ್ಕದಲ್ಲಿ ಬರೆದಿತ್ತು: 'ಶಿವರಾಮ ಅವರ ಬಂಡೆ. ಅತ್ಯುತ್ತಮ ನೆಟ್‌ವರ್ಕ್. ಎಲ್ಲರಿಗೂ ಮುಕ್ತ. ಮಜ್ಜಿಗೆ ಚೆನ್ನಾಗಿದೆ.'

ಸರೋಜ ಅದನ್ನು ಓದಿದಳು. ಆಟೋದ ಹಿಂದೆ, ಗುಡ್ಡದ ತಿರುವಿನಲ್ಲಿ, ಬೈಕುಗಳ ದೀಪ ಒಂದರ ಹಿಂದೊಂದು ಹತ್ತಿ ಬರುತ್ತಿರುವುದನ್ನೂ ನೋಡಿದಳು. ಚೀಲವನ್ನು ಒಳಗೆ ಒಯ್ದು ಅದೇ ಗೂಟಕ್ಕೆ ಸಿಕ್ಕಿಸಿದಳು.

"ಅತ್ತೆ, ಇವತ್ತು ಹಾಲೆಲ್ಲಾ ಹೆಪ್ಪು ಹಾಕ್ಬೇಕಾಗ್ತದೆ," ಎಂಬ ಅವಳ ಮಾತು ಒಳಗಿನಿಂದ ಕೇಳಿಸಿತು.

"ನಾನು ಆಗ್ಲೇ ಹೇಳ್ದೆ," ಎಂದಳು ಗುತ್ಯಮ್ಮ. ಹೇಳಿರಲಿಲ್ಲ.

ಶಿವರಾಮ ಮೇಡಂಗೆ ಫೋನ್ ಮಾಡಿ ಆ ಚುಕ್ಕಿಯನ್ನೂ ಅಳಿಸಿಸಬೇಕೆಂದು ಬಂಡೆಗೆ ಓಡಿದ. ಬಂಡೆಯ ಮೇಲೆ ಆಗಲೇ ಅವನು ಎಂದೂ ಕಾಣದ ಮುಖಗಳಿದ್ದವು. ಸಾಲು ಕೊಟ್ಟಿಗೆಯ ಬಾಗಿಲ ತನಕ ಬಂದಿತ್ತು. ಪಕ್ಕದಿಂದ ನುಗ್ಗಲು ನೋಡಿದರೆ, ಮುಂದಿದ್ದ ಹೆಲ್ಮೆಟ್ಟಿನವನು ಮರ್ಯಾದೆಯಿಂದಲೇ ತಡೆದ.

"ಹಿಂದೆ ಬನ್ನಿ ಅಣ್ಣಾ. ನಾವು ಮ್ಯಾಪ್ ನೋಡ್ಕಂಡು ದೂರದಿಂದ ಬಂದೋರು."

ಶಿವರಾಮ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಆಮೇಲೆ ಸರೋಜ ತಟ್ಟೆಯ ತುಂಬ ಲೋಟ ಇಟ್ಟುಕೊಂಡು ಬಂದಳು. ಸಾಲಿನಲ್ಲಿದ್ದವರಿಗೆಲ್ಲ ಕೊಡುತ್ತ ಬಂದು, ಕೊನೆಯಲ್ಲಿ ನಿಂತವನ ಮುಖ ನೋಡಿ, ಬಂದ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡು, ಅವನ ಕೈಗೂ ಒಂದು ಲೋಟ ಕೊಟ್ಟಳು.

"ಕುಡೀರಿ," ಎಂದಳು. "ಅಂಗಳ ತುಳಿದೋರು ಹಂಗೇ ಹೋಗಬಾರ್ದು."